ದುಬಾರಿ ತಾಮ್ರದ ತಂತಿ ಎಳೆದರೂ ಪಂಪು ಎತ್ತುತ್ತಿಲ್ಲ: ರೋಧ, ರೋಧಶೀಲತೆ ಬಲ್ಲವರು ಹೇಳಿ

ತೋಟದ_ದಾರಿ (ಶಿರಸಿ)
ನಮ್ಮದು ಬನವಾಸಿ ರಸ್ತೆಯ ಕಡೆ ಅಡಕೆ ತೋಟ. ಮನೆ ದಿಬ್ಬದ ಮೇಲಿದೆ, ಕೆರೆ ತೋಟದ ತಳದಲ್ಲಿದೆ. ಮೀಟರ್ ಬೋರ್ಡಿನಿಂದ ಪಂಪಿನವರೆಗೆ ಸುಮಾರು 300 ಮೀಟರ್. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟಾರು. ಮೊದಲು 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಇತ್ತು. ಸಂಜೆ ವೋಲ್ಟೇಜ್ ಇಳಿದರೆ ಮೋಟಾರು ಬರೀ ಗುಂಯ್‌ಗುಡುತ್ತಿತ್ತು. ಅಂಗಡಿಯವರು "ಅಲ್ಯೂಮಿನಿಯಂ ಬಿಟ್ಟುಬಿಡಿ, ತಾಮ್ರಕ್ಕೆ ರೋಧ (ಕರೆಂಟಿಗೆ ತಡೆ) ಕಡಿಮೆ" ಎಂದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಕೊಟ್ಟರು. ಬೆಲೆ ಕೇಳಬೇಡಿ. ಹಾಕಿದ ಮೇಲೂ ಅದೇ ಗುಂಯ್.

ಹತ್ತನೆಯ ತರಗತಿಯ ಮಗಳು ಪುಸ್ತಕ ತಂದು ತೋರಿಸಿ, "ಅಪ್ಪಾ, ತಾಮ್ರಕ್ಕೆ ಕಡಿಮೆ ಇರುವುದು ರೋಧಶೀಲತೆ, ರೋಧವಲ್ಲ" ಎನ್ನುತ್ತಾಳೆ. ಎರಡಕ್ಕೂ ಇರುವ ವ್ಯತ್ಯಾಸದಿಂದ ನನ್ನ ಪಂಪಿಗೆ ಏನಾದರೂ ಆಗಬೇಕೇ? ತಿಳಿದವರು ಹೇಳಿ.

ಅಡಕೆ_ಸಿಪ್ಪೆ (ಸಿದ್ದಾಪುರ)
ಪಂಪಿಗೆ ಏನೂ ಆಗಬೇಕಾಗಿಲ್ಲ. ಅಂಗಡಿಯವರಿಗೆ ಆಗಬೇಕಾದದ್ದು ಆಗಿದೆ.

ಮೋಟಾರು_ರಿಪೇರಿ (ಕುಮಟಾ)
ಮಗಳು ಹೇಳಿದ್ದು ಸರಿ. ಪಂಪಿನ ಕಥೆಯೂ ಅಲ್ಲಿಯೇ ಇದೆ. ಲೆಕ್ಕ ಹಾಕೋಣ.

ರೋಧ = ರೋಧಶೀಲತೆ × ಉದ್ದ ÷ ಅಡ್ಡಕೊಯ್ತದ ವಿಸ್ತೀರ್ಣ. ಕರೆಂಟು ಹೋಗಿ ಮರಳಿ ಬರಬೇಕಾದ್ದರಿಂದ ಉದ್ದವನ್ನು 600 ಮೀಟರ್ ಹಿಡಿಯಬೇಕು. ಅಲ್ಯೂಮಿನಿಯಂ ತಂತಿಯ ರೋಧಶೀಲತೆ ಒಂದು ಓಮ್-ಮೀಟರಿನ 10 ಕೋಟಿ ಪಾಲುಗಳಲ್ಲಿ 2.82 ಪಾಲು, ತಾಮ್ರದ್ದು 1.72 ಪಾಲು. ಹಾಗಾಗಿ ನಿಮ್ಮ ಹಳೆಯ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸುಮಾರು 4.2 ಓಮ್. ಹೊಸ 2.5 ಚದರ ಮಿಲಿಮೀಟರ್ ತಾಮ್ರ ಸುಮಾರು 4.1 ಓಮ್.

ಮೋಟಾರು 10 ಆಂಪಿಯರ್ ಎಳೆದರೆ ಹಳೆಯ ತಂತಿಯಲ್ಲಿ 42 ವೋಲ್ಟ್ ಸೋರುತ್ತಿತ್ತು. ಈಗ 41 ಸೋರುತ್ತದೆ. ಬೋರ್ಡಿನಲ್ಲಿ 210 ಇದ್ದರೆ ಪಂಪಿಗೆ ತಲುಪುವುದು 170ರ ಆಸುಪಾಸು. ಸ್ಟಾರ್ಟ್ ಆಗುವಾಗ ಮೋಟಾರು ಇನ್ನೂ ಎಷ್ಟೋ ಪಟ್ಟು ಕರೆಂಟು ಬೇಡುತ್ತದೆ, ಆಗ ಇಳಿತವೂ ಜಾಸ್ತಿ. ಗುಂಯ್ ಎನ್ನದೆ ಇನ್ನೇನು ಮಾಡೀತು? ಒಳ್ಳೆಯ ಲೋಹ ಕೊಂಡಿರಿ, ದಪ್ಪ ಕಳೆದುಕೊಂಡಿರಿ.

ತೋಟದ_ದಾರಿ (ಶಿರಸಿ)
ಅಂದರೆ ಅಷ್ಟು ದುಡ್ಡು ಸುರಿದು ನಾನು ಒಂದು ವೋಲ್ಟ್ ಗಳಿಸಿದೆನೇ?

ಮೋಟಾರು_ರಿಪೇರಿ (ಕುಮಟಾ)
ಹೌದು. ಅದೂ ಜೋಡಣೆ ಚೆನ್ನಾಗಿದ್ದರೆ.

ಪಾಠದ_ಮೇಷ್ಟ್ರು (ಹೊನ್ನಾವರ)
ನಿವೃತ್ತ ಉಪನ್ಯಾಸಕನಿಗೆ ಬಾಯಿ ಹಾಕದೆ ಇರಲಾಗುವುದಿಲ್ಲ, ಕ್ಷಮಿಸಿ. ರೋಧಶೀಲತೆ ಎನ್ನುವುದು ಪದಾರ್ಥದ ಗುಣ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಘನವನ್ನು ಕಲ್ಪಿಸಿಕೊಂಡು ಎದುರುಬದುರು ಮುಖಗಳ ನಡುವೆ ಅಳೆದರೆ ಎಷ್ಟು ಓಮ್ ಬರುತ್ತದೆಯೋ ಅಷ್ಟು. ರೋಧವಾದರೋ ನಿಮ್ಮ ಕೈಯಲ್ಲಿರುವ ನಿರ್ದಿಷ್ಟ ತುಂಡಿನದ್ದು. ಅದರ ಉದ್ದ, ದಪ್ಪ ಎಲ್ಲವೂ ಅದರೊಳಗೆ ಬಂದುಬಿಡುತ್ತವೆ. ಆದ್ದರಿಂದಲೇ "ತಾಮ್ರದ ರೋಧ ಎಷ್ಟು?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ತಾಮ್ರದ ತುಂಡು ಎಂದು ಹೇಳಿದ ಮೇಲೆ ಮಾತ್ರ ಉತ್ತರ. ಪರೀಕ್ಷೆಯಲ್ಲಿ ಒಂದಕ್ಕೆ ಓಮ್, ಇನ್ನೊಂದಕ್ಕೆ ಓಮ್-ಮೀಟರ್ ಎಂದು ಬರೆಯದವರಿಗೆ ನಾನು ಅರ್ಧ ಅಂಕ ಕಡಿಯುತ್ತಿದ್ದೆ.

ಬೆಟ್ಟದ_ಹುಡುಗಿ (ಯಲ್ಲಾಪುರ, ದ್ವಿತೀಯ ಪಿಯು)
ಸರ್, ನಮ್ಮ ಹತ್ತನೆಯ ತರಗತಿಯ ಪುಸ್ತಕದಲ್ಲಿ ತಾಮ್ರಕ್ಕೆ 1.62 ಎಂದಿತ್ತು. ಇಲ್ಲಿ 1.72 ಎಂದು ಬರೆದಿದ್ದಾರೆ. ಯಾವುದು ಸರಿ?

ಪಾಠದ_ಮೇಷ್ಟ್ರು (ಹೊನ್ನಾವರ)
ಒಳ್ಳೆಯ ಪ್ರಶ್ನೆ ತಂಗಿ. ತಂತಿಯ ವ್ಯವಹಾರದಲ್ಲಿ 1.72 ಹಿಡಿಯುತ್ತಾರೆ. ಕಾಯಿಸಿ ಮೆದು ಮಾಡಿದ ತಾಮ್ರಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.724 ಎಂದು 1913ರಲ್ಲಿ ಅಂತರರಾಷ್ಟ್ರೀಯ ಮಾನಕವನ್ನೇ ಗೊತ್ತುಮಾಡಿದ್ದಾರೆ. ಎಷ್ಟು ಶುದ್ಧ, ಯಾವ ಉಷ್ಣತೆ ಎನ್ನುವುದರ ಮೇಲೆ ಅಂಕಿ ಆಚೀಚೆ ಆಗುತ್ತದೆ. ಉಷ್ಣತೆ ಹೇಳದೆ ರೋಧಶೀಲತೆ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ.

ಘಟ್ಟದ_ಡ್ರೈವರ್ (ಶಿರಸಿ–ಕುಮಟಾ)
ನಾನು ಓದಿದವನಲ್ಲ. ನನಗೆ ಅರ್ಥವಾದದ್ದು ಹೀಗೆ. ದೇವಿಮನೆ ಘಟ್ಟ ಇಳಿಯಲು ಎಷ್ಟು ಹೊತ್ತು ಬೇಕು ಎನ್ನುವುದು ರೋಧ. ರಸ್ತೆಯ ಮೇಲ್ಮೈ ಎಷ್ಟು ಕೆಟ್ಟಿದೆ ಎನ್ನುವುದು ರೋಧಶೀಲತೆ. ಡಾಂಬರು ನುಣ್ಣಗಿದ್ದರೂ ದಾರಿ ಉದ್ದ ಮತ್ತು ಇಕ್ಕಟ್ಟಾದರೆ ಹೊತ್ತು ಹಿಡಿಯುತ್ತದೆ. ಗುಂಡಿಯ ರಸ್ತೆಯಾದರೂ ನಾಲ್ಕು ಪಥ ಇದ್ದರೆ ಬೇಗ ಹೋಗಬಹುದು. ಸರಿಯೇ?

ಪಾಠದ_ಮೇಷ್ಟ್ರು (ಹೊನ್ನಾವರ)
ಬಹುಮಟ್ಟಿಗೆ ಸರಿ. ನನ್ನ ಪಾಠಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಅಡಕೆ_ಸಿಪ್ಪೆ (ಸಿದ್ದಾಪುರ)
ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದು ಯಾವ ಶೀಲತೆ ಮೇಷ್ಟ್ರೇ?

ಮೋಟಾರು_ರಿಪೇರಿ (ಕುಮಟಾ)
ಅದು ಓಪನ್ ಸರ್ಕಿಟ್, ದಾರಿಯೇ ಕಡಿದ ಹಾಗೆ. ಈಗ ವಿಷಯಕ್ಕೆ ಬನ್ನಿ.

ತೋಟದವರೇ, ನಿಮಗೆ ಬೇಕಾದದ್ದು 6 ಚದರ ಮಿಲಿಮೀಟರ್ ತಾಮ್ರ ಅಥವಾ 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ. ಎರಡರದ್ದೂ ರೋಧ 1.7 ಓಮ್ ಹತ್ತಿರ, ಇಳಿತ 17 ವೋಲ್ಟ್. ಪಂಪು ನಗುತ್ತಾ ಎತ್ತುತ್ತದೆ. ಅಲ್ಯೂಮಿನಿಯಂ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಅದೇ 600 ಮೀಟರಿಗೆ ತಾಮ್ರ 32 ಕಿಲೋ ತೂಗಿದರೆ ಅಲ್ಯೂಮಿನಿಯಂ 16 ಕಿಲೋ. ಕಂಬದಿಂದ ಕಂಬಕ್ಕೆ ಎಳೆಯುವಾಗ ಆ ತೂಕ ದೊಡ್ಡ ವಿಷಯ. ಕೈಗಾ ಅಣುವಿದ್ಯುತ್ ಸ್ಥಾವರದಿಂದ ಹೊರಡುವ ದೊಡ್ಡ ಲೈನುಗಳನ್ನು ಕತ್ತೆತ್ತಿ ನೋಡಿ. ಅವು ತಾಮ್ರವಲ್ಲ, ನಡುವೆ ಉಕ್ಕಿನ ಎಳೆ ಇಟ್ಟು ಸುತ್ತಲೂ ಅಲ್ಯೂಮಿನಿಯಂ ಹೆಣೆದ ತಂತಿ. ಅಲ್ಯೂಮಿನಿಯಮ್ಮಿನ ರೋಧಶೀಲತೆ ಜಾಸ್ತಿ ಎಂದು ಅವರಿಗೆ ಗೊತ್ತಿಲ್ಲವೇ? ದಪ್ಪ ಮಾಡಿ ರೋಧವನ್ನು ಇಳಿಸಿಕೊಂಡಿದ್ದಾರೆ.

ಕಡಲ_ಗಾಳಿ (ಕಾರವಾರ)
ಕೈಗಾ ಎಂದಾಗ ನೆನಪಾಯಿತು. ಅಲ್ಲಿಯ ಒಂದನೇ ಘಟಕ 2018ರಲ್ಲಿ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ನಮ್ಮ ಕೇರಿಯಲ್ಲಿ ಮಾತ್ರ ಗಾಳಿ ಜೋರಾಗಿ ಬೀಸಿದರೆ ದೀಪ ಆರುತ್ತದೆ.

ಅಡಕೆ_ಸಿಪ್ಪೆ (ಸಿದ್ದಾಪುರ)
ದೀಪದ ಬುಡದಲ್ಲಿ ಕತ್ತಲೆ. ಗಾದೆ ನಿಮ್ಮ ಕೇರಿಯಲ್ಲಿಯೇ ಹುಟ್ಟಿರಬೇಕು.

ಕಡಲ_ಗಾಳಿ (ಕಾರವಾರ)
ಕುಮಟಾದವರ ಲೆಕ್ಕ ಸರಿ, ಒಂದು ಸಂಗತಿ ಬಿಟ್ಟಿದ್ದಾರೆ. ತೋಟದವರು ಹಳೆಯ ಅಲ್ಯೂಮಿನಿಯಂ ತಂತಿಯ ತುದಿಗೆ ಹೊಸ ತಾಮ್ರವನ್ನು ಎಲ್ಲಿಯಾದರೂ ಹೊಸೆದು ಟೇಪು ಸುತ್ತಿದ್ದಾರೆಯೇ? ಹಾಗಿದ್ದರೆ ಅದನ್ನು ಇವತ್ತೇ ಬಿಚ್ಚಿ ನೋಡಲಿ. ಎರಡು ಬೇರೆ ಲೋಹ, ನಡುವೆ ತೇವ. ಅಲ್ಯೂಮಿನಿಯಂ ಕೊರೆದುಹೋಗಿ ಬಿಳಿ ಪುಡಿ ಕಟ್ಟುತ್ತದೆ. ನಮ್ಮ ಕಡಲ ಬದಿಯಲ್ಲಿ ಗಾಳಿಯಲ್ಲಿಯೇ ಉಪ್ಪು ಇರುವುದರಿಂದ ಒಂದೇ ಮಳೆಗಾಲ ಸಾಕು. ಘಟ್ಟದ ಮೇಲೆ ಸ್ವಲ್ಪ ತಡವಾಗಬಹುದು.

ಆ ಜೋಡಣೆಯಲ್ಲಿ ಅರ್ಧ ಓಮ್ ರೋಧ ಹುಟ್ಟಿದರೂ 10 ಆಂಪಿಯರಿಗೆ 50 ವ್ಯಾಟ್ ಶಾಖ ಬೆರಳಿನಷ್ಟು ಜಾಗದಲ್ಲಿ ಏಳುತ್ತದೆ. ಟೇಪು ಕರಗಿ ವಾಸನೆ ಬರುವುದು ಅದಕ್ಕೇ. ಮೇಷ್ಟ್ರ ಸೂತ್ರಕ್ಕೆ ತಂತಿಯ ಉದ್ದ, ದಪ್ಪ, ರೋಧಶೀಲತೆ ಎಲ್ಲ ತುಂಬಿದರೂ ಈ ರೋಧ ಅದರಲ್ಲಿ ಕಾಣುವುದಿಲ್ಲ. ಅದು ಲೋಹದ್ದಲ್ಲ, ಎರಡು ಲೋಹ ಸರಿಯಾಗಿ ಮುಟ್ಟದೆ ಇರುವುದರದ್ದು. ಬೈಮೆಟಾಲಿಕ್ ಲಗ್ (ಎರಡು ಲೋಹಗಳನ್ನು ಕೂಡಿಸಲೆಂದೇ ಮಾಡಿದ ಜೋಡಣೆ ತುಂಡು) ಹಾಕಿಸಿ, ನಟ್ಟು ಬಿಗಿ ಮಾಡಿಸಿ.

ತೋಟದ_ದಾರಿ (ಶಿರಸಿ)
ಬೋರ್ಡಿನ ಹತ್ತಿರ ಅಂಥ ಒಂದು ಜೋಡಣೆ ಇದೆ. ಮುಟ್ಟಿದರೆ ಬೆಚ್ಚಗಿರುತ್ತದೆ. ಅದು ಸಹಜವೆಂದು ತಿಳಿದಿದ್ದೆವು.

ಕಡಲ_ಗಾಳಿ (ಕಾರವಾರ)
ಮುಟ್ಟುವುದನ್ನು ಮೊದಲು ಬಿಡಿ ಮಾರಾಯರೇ! ಮೇನ್ ಆಫ್ ಮಾಡಿ, ಆಮೇಲೆ ಬಿಚ್ಚಿ.

ಬೆಟ್ಟದ_ಹುಡುಗಿ (ಯಲ್ಲಾಪುರ)
ಸರ್, ಒಂದು ಸಂಶಯ. ತಂತಿಯನ್ನು ಎರಡು ಪಟ್ಟು ಉದ್ದಕ್ಕೆ ಎಳೆದರೆ ರೋಧ ನಾಲ್ಕು ಪಟ್ಟು ಎಂದು ಕಲಿಸಿದ್ದಾರೆ. ಉದ್ದ ಎರಡು ಪಟ್ಟು ಆದದ್ದಕ್ಕೆ ಎರಡು ಪಟ್ಟು ಅಷ್ಟೇ ಅಲ್ಲವೇ?

ಪಾಠದ_ಮೇಷ್ಟ್ರು (ಹೊನ್ನಾವರ)
ಎಳೆದಾಗ ಲೋಹ ಹೊಸದಾಗಿ ಹುಟ್ಟುವುದಿಲ್ಲ. ಇದ್ದದ್ದೇ ಉದ್ದಕ್ಕೆ ಹರಡಬೇಕು, ಹಾಗಾಗಿ ತಂತಿ ತೆಳ್ಳಗಾಗುತ್ತದೆ. ಉದ್ದ ಎರಡು ಪಟ್ಟು, ವಿಸ್ತೀರ್ಣ ಅರ್ಧ, ಎರಡೂ ಸೇರಿ ನಾಲ್ಕು. ರೋಧಶೀಲತೆ ಮಾತ್ರ ಹಾಗೆಯೇ ಇರುತ್ತದೆ, ಅದು ಬದಲಾಗುವುದಿಲ್ಲ.

ಮೋಟಾರು_ರಿಪೇರಿ (ಕುಮಟಾ)
ಬದಲಾಗುತ್ತದೆ ಮೇಷ್ಟ್ರೇ. ಪರೀಕ್ಷೆಗೆ ನಿಮ್ಮ ಉತ್ತರ, ಕಾರ್ಖಾನೆಗೆ ನನ್ನದು. ತಣ್ಣಗಿರುವಾಗ ಎಳೆದ ತಾಮ್ರ ಗಡುಸಾಗುತ್ತದೆ. ಅದರ ರೋಧಶೀಲತೆ ಶೇಕಡಾ ಎರಡು ಮೂರರಷ್ಟು ಏರಿರುತ್ತದೆ. ಮತ್ತೆ ಕಾಯಿಸಿ ಮೆದು ಮಾಡಿದರೆ ಇಳಿಯುತ್ತದೆ. ವೈಂಡಿಂಗ್ ತಂತಿಯನ್ನು ಹಾಗೆ ಮೆದು ಮಾಡಿಯೇ ಮಾರುವುದು.

ಪಾಠದ_ಮೇಷ್ಟ್ರು (ಹೊನ್ನಾವರ)
ಸರಿ, "ಹೆಚ್ಚುಕಡಿಮೆ ಬದಲಾಗುವುದಿಲ್ಲ" ಎಂದು ಓದಿಕೊಳ್ಳಿ. ಆದರೆ ತಂಗಿ, ನೀನು ಪರೀಕ್ಷೆಯಲ್ಲಿ ಈ ಶೇಕಡಾ ಎರಡನ್ನು ಬರೆಯಬೇಡ.

ಅಡಕೆ_ಸಿಪ್ಪೆ (ಸಿದ್ದಾಪುರ)
ಹಾಗಾದರೆ ಈ ಲೆಕ್ಕ ಬಿಡಿಸಿ. ಹಳೆಯ 60 ವ್ಯಾಟ್ ಬಲ್ಬನ್ನು ಮಲ್ಟಿಮೀಟರಿಗೆ ಹಿಡಿದರೆ 65 ಓಮ್ ತೋರಿಸುತ್ತದೆ. 230ರ ವರ್ಗವನ್ನು 60ರಿಂದ ಭಾಗಿಸಿದರೆ 880 ಓಮ್ ಮೇಲೆ ಬರಬೇಕು. ಮಲ್ಟಿಮೀಟರ್ ಕೆಟ್ಟಿದೆಯೇ, ನಿಮ್ಮ ಸೂತ್ರ ಕೆಟ್ಟಿದೆಯೇ?

ಪಾಠದ_ಮೇಷ್ಟ್ರು (ಹೊನ್ನಾವರ)
ಎರಡೂ ಕೆಟ್ಟಿಲ್ಲ. ನೀವು ಅಳೆದದ್ದು ತಣ್ಣಗಿರುವ ಟಂಗ್‌ಸ್ಟನ್. ಉರಿಯುವಾಗ ಅದು ಎರಡು ಸಾವಿರ ಡಿಗ್ರಿ ದಾಟಿರುತ್ತದೆ. ಎಳೆಯ ಉದ್ದ, ದಪ್ಪ ಹೆಚ್ಚು ಬದಲಾಗಿಲ್ಲ, ಬದಲಾದದ್ದು ರೋಧಶೀಲತೆ, ಅದೂ ಹದಿಮೂರು ಪಟ್ಟು. ಪದಾರ್ಥದ ಗುಣ ಎಂದರೆ ಯಾವಾಗಲೂ ಸ್ಥಿರವಾದದ್ದು ಎಂದಲ್ಲ. ಇನ್ನೊಂದು ತುದಿಗೆ ಹೋದರೆ, 1911ರಲ್ಲಿ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಂಪು ಮಾಡಿದಾಗ ಅದರ ರೋಧ ಒಮ್ಮೆಲೇ ಅಳತೆಗೆ ಸಿಗದಷ್ಟು ಇಳಿದುಬಿಟ್ಟಿತು.

ತೋಟದವರ ತಂತಿಗೂ ಇದು ಸಂಬಂಧವಿದೆ. ತಾಮ್ರದ ರೋಧಶೀಲತೆ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. ಬಿಸಿಲಿಗೆ 50 ಡಿಗ್ರಿ ಆದ ತಂತಿಯ ರೋಧ 20 ಡಿಗ್ರಿಯದ್ದಕ್ಕಿಂತ ಶೇಕಡಾ 12ರಷ್ಟು ಜಾಸ್ತಿ. ಏಪ್ರಿಲ್ ಮಧ್ಯಾಹ್ನ 4.1 ಹೋಗಿ 4.6 ಆಗುತ್ತದೆ.

ದೋಸೆ_ಕಾವಲಿ (ಭಟ್ಕಳ)
ಇಸ್ತ್ರಿ ಪೆಟ್ಟಿಗೆಯಲ್ಲಿ ನೈಕ್ರೋಮ್ (ನಿಕ್ಕಲ್–ಕ್ರೋಮಿಯಂ ಮಿಶ್ರಲೋಹ) ತಂತಿ ಹಾಕುವುದೂ ರೋಧಶೀಲತೆ ನೋಡಿಯೇ?

ಮೋಟಾರು_ರಿಪೇರಿ (ಕುಮಟಾ)
ಹೌದಕ್ಕಾ. ಅದರ ರೋಧಶೀಲತೆ ತಾಮ್ರದ ಅರವತ್ತು ಪಟ್ಟು. ಗಿಡ್ಡ ತಂತಿಯಲ್ಲಿಯೇ ಬೇಕಾದಷ್ಟು ರೋಧ ಸಿಗುತ್ತದೆ, ಕೆಂಪಗೆ ಕಾದರೂ ಬೇಗ ಸುಟ್ಟುಹೋಗುವುದಿಲ್ಲ. ತಾಮ್ರದಲ್ಲಿ ಅದನ್ನೇ ಮಾಡಲು ಹೋದರೆ ಪೆಟ್ಟಿಗೆಯ ಒಳಗೆ ತಂತಿಯ ಉಂಡೆಯನ್ನೇ ತುಂಬಬೇಕು.

ಗಜನಿ_ಗದ್ದೆ (ಅಘನಾಶಿನಿ)
ನೀವೆಲ್ಲ ಲೋಹದ ಮೇಲೆಯೇ ಕುಳಿತಿದ್ದೀರಿ. ಮಣ್ಣಿಗೂ ರೋಧಶೀಲತೆ ಇದೆ. ನಮ್ಮ ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ವಿದ್ಯುತ್ ವಾಹಕತೆ ಎಂದು ಒಂದು ಅಂಕಿ ಬರುತ್ತದಲ್ಲ, ಅದು ರೋಧಶೀಲತೆಯನ್ನು ತಿರುವಿಹಾಕಿದ್ದು (1 ÷ ರೋಧಶೀಲತೆ). ಉಪ್ಪು ಜಾಸ್ತಿಯಾದಷ್ಟೂ ಅದು ಏರುತ್ತದೆ. ಕಟ್ಟೆ ಒಡೆದು ಹೊಳೆಯ ಉಪ್ಪುನೀರು ಗಜನಿಗೆ (ಹೊಳೆ ಬದಿಯ ತಗ್ಗು ಗದ್ದೆಗೆ) ನುಗ್ಗಿದ ವರ್ಷ ಆ ಅಂಕಿ ನೋಡಿಯೇ ಉಪ್ಪು ತಾಳುವ ಕಗ್ಗ ಭತ್ತ ಬಿಟ್ಟು ಬೇರೆ ಯಾವುದನ್ನೂ ಬಿತ್ತುವುದಿಲ್ಲ.

ಚಿರೇಕಲ್ಲು (ಅಂಕೋಲಾ)
ಸರಿಯಾದ ಕಡೆ ಬಂದಿರಿ. ನಾನು ಬಾವಿ, ಬೋರ್‌ವೆಲ್ ಜಾಗ ನೋಡುವ ಕೆಲಸದಲ್ಲಿದ್ದೇನೆ. ತೆಂಗಿನಕಾಯಿ ಹಿಡಿದು ಅಲ್ಲ, ರೋಧಶೀಲತೆ ಅಳೆದು. ನೆಲದಲ್ಲಿ ಒಂದೇ ಸಾಲಿನಲ್ಲಿ ಸಮ ಅಂತರಕ್ಕೆ ನಾಲ್ಕು ಸರಳು ಚುಚ್ಚುತ್ತೇವೆ. ಹೊರಗಿನ ಎರಡರಿಂದ ಕರೆಂಟು ಬಿಟ್ಟು ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ಮೀಟರಿನಲ್ಲಿ ಬರುವುದು ಓಮ್, ಅಂದರೆ ರೋಧ. ಅದನ್ನು ಎರಡು ಪೈ ಮತ್ತು ಸರಳುಗಳ ಅಂತರದಿಂದ ಗುಣಿಸಿದರೆ ನೆಲದ ರೋಧಶೀಲತೆ. ಅಂತರ 10 ಮೀಟರ್, ಮೀಟರಿನಲ್ಲಿ 5 ಓಮ್ ಬಂದರೆ 314 ಓಮ್-ಮೀಟರ್. ಅಂತರ ಹೆಚ್ಚಿಸುತ್ತಾ ಹೋದಂತೆ ಇನ್ನಷ್ಟು ಆಳದ ಸುದ್ದಿ ಸಿಗುತ್ತದೆ. ಓಮ್ ಮಾತ್ರ ಬರೆದುಕೊಂಡು ಅಂತರ ಬರೆಯದ ಹುಡುಗರ ಕಾಗದ ನೇರ ಕಸದ ಬುಟ್ಟಿಗೆ, ಏಕೆಂದರೆ ಆ ಓಮ್ ಅಂಕಿಯೊಂದಕ್ಕೇ ಅರ್ಥವಿಲ್ಲ.

ಸಮುದ್ರದ ನೀರು ಸುಮಾರು 0.2 ಓಮ್-ಮೀಟರ್. ಸಿಹಿನೀರು ಹತ್ತಾರು. ಗಟ್ಟಿ ಕರಿಕಲ್ಲು ಸಾವಿರಗಳಲ್ಲಿ. ಕಡಲ ಬದಿಯಲ್ಲಿ ಅಂಕಿ ಥಟ್ಟನೆ ಒಂದೆರಡಕ್ಕೆ ಕುಸಿದರೆ ಕೆಳಗೆ ಉಪ್ಪುನೀರು ಇರುವ ಸಂಭವ ಹೆಚ್ಚು, ಕೊರೆಯಬೇಡಿ ಎನ್ನುತ್ತೇವೆ.

ಅಡಕೆ_ಸಿಪ್ಪೆ (ಸಿದ್ದಾಪುರ)
ನಮ್ಮ ಮಾವ ತೆಂಗಿನಕಾಯಿ ಹಿಡಿದು ತೋರಿಸಿದ ಬಾವಿ ಇನ್ನೂ ಬತ್ತಿಲ್ಲ. ಯಂತ್ರದವರು ತೋರಿಸಿದ ಜಾಗದಲ್ಲಿ ಧೂಳು ಬಂತು.

ಚಿರೇಕಲ್ಲು (ಅಂಕೋಲಾ)
ನಿಮ್ಮ ಮಾವನವರು ಬಾವಿ ತೋಡಿಸಿದ್ದು ಕಣಿವೆಯ ತಗ್ಗಿನಲ್ಲಿ ಎಂದು ಪಂಥ ಕಟ್ಟುತ್ತೇನೆ. ಅಲ್ಲಿ ಬದನೆಕಾಯಿ ಹಿಡಿದು ನಡೆದಿದ್ದರೂ ನೀರು ಬರುತ್ತಿತ್ತು. ಯಂತ್ರವೂ ನೀರನ್ನು ಕಾಣುವುದಿಲ್ಲ ಎನ್ನುವುದು ನಿಜ. ಅದು ಕಾಣುವುದು ರೋಧಶೀಲತೆಯನ್ನು. ಚಿರೇಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಶೇಡಿ ಮಣ್ಣಿನ, ಅಂದರೆ ಮೆದು ಜೇಡಿಯ, ಪದರ ಇದ್ದರೆ ಅದೂ ಕಡಿಮೆ ಅಂಕಿ ಕೊಡುತ್ತದೆ, ಆದರೆ ಶೇಡಿ ಮಣ್ಣು ನೀರು ಬಿಟ್ಟುಕೊಡುವುದಿಲ್ಲ. ಅಂಕಿಯನ್ನು ಓದಲು ನೆಲ ಗೊತ್ತಿರಬೇಕು. ಧೂಳು ಬಂದದ್ದು ಓದಿದವರ ತಪ್ಪಿರಬಹುದು.

ಅಡಕೆ_ಸಿಪ್ಪೆ (ಸಿದ್ದಾಪುರ)
ಕಣಿವೆಯ ತಗ್ಗು ಹೌದು. ಆದರೂ ತೆಂಗಿನಕಾಯಿ ನೆಟ್ಟಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ತೋಟದ_ದಾರಿ (ಶಿರಸಿ)
ಮಣ್ಣಿನ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಮನೆ ಇರುವುದು ಚಿರೇಕಲ್ಲಿನ ದಿಬ್ಬದ ಮೇಲೆ. ಅರ್ತಿಂಗ್‌ಗೆ 3 ಮೀಟರ್ ತಾಮ್ರ ಲೇಪಿಸಿದ ಸರಳು ಹೊಡೆಸಿದ್ದೇವೆ. ಸರಳು ಒಳ್ಳೆಯದಾದ ಮೇಲೆ ಅರ್ತಿಂಗ್ ಕೂಡ ಒಳ್ಳೆಯದೇ ಅಲ್ಲವೇ?

ಮೋಟಾರು_ರಿಪೇರಿ (ಕುಮಟಾ)
ಇಲ್ಲ! ಇಲ್ಲಿ ಸರಳಿನ ಲೋಹ ಲೆಕ್ಕಕ್ಕೇ ಬರುವುದಿಲ್ಲ. ಕರೆಂಟು ಸರಳಿನಿಂದ ಮಣ್ಣಿಗೆ ಹರಡಬೇಕು, ತಡೆ ಇರುವುದೆಲ್ಲ ಮಣ್ಣಿನಲ್ಲಿ. 16 ಮಿಲಿಮೀಟರ್ ದಪ್ಪ, 3 ಮೀಟರ್ ಉದ್ದದ ಸರಳಿಗೆ ಅರ್ತಿಂಗ್ ರೋಧವು ಮಣ್ಣಿನ ರೋಧಶೀಲತೆಯ ಮೂರನೆಯ ಒಂದು ಪಾಲು ಎಂದು ಇಟ್ಟುಕೊಳ್ಳಿ. ಮಣ್ಣು 100 ಓಮ್-ಮೀಟರ್ ಇದ್ದರೆ 33 ಓಮ್. ಒಣ ಚಿರೇಕಲ್ಲು 1,000 ಇದ್ದರೆ 335 ಓಮ್. ಅದೇ ಸರಳು, ಅದೇ ಸುತ್ತಿಗೆ.

ಈಗ ಪಂಪಿನ ಹೊರಕವಚಕ್ಕೆ ಫೇಸ್ (ಕರೆಂಟಿರುವ ತಂತಿ) ತಗುಲಿತು ಎನ್ನಿ. 230 ವೋಲ್ಟನ್ನು 335ರಿಂದ ಭಾಗಿಸಿದರೆ 0.7 ಆಂಪಿಯರ್ ಸಹ ಇಲ್ಲ. 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು) ಅದನ್ನು ಗಮನಿಸುವುದೇ ಇಲ್ಲ. ಪಂಪಿನ ಹೊರಕವಚದಲ್ಲಿ ಕರೆಂಟು ಇದ್ದೇ ಇರುತ್ತದೆ, ಒದ್ದೆ ಕಾಲಿನಲ್ಲಿ ಮುಟ್ಟುವವರು ನಾವು. ಚಿರೇಕಲ್ಲಿನ ಮೇಲಿರುವ ಪ್ರತಿಯೊಬ್ಬರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್ಚು) ಹಾಕಿಸಲೇಬೇಕು. ತಂತಿಯ ದಪ್ಪದ ಬಗ್ಗೆ ಬೇಕಾದರೆ ಚೌಕಾಶಿ ಮಾಡಿ, ಇದರಲ್ಲಿ ಬೇಡ.

ಕಡಲ_ಗಾಳಿ (ಕಾರವಾರ)
ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಗಜನಿ_ಗದ್ದೆ (ಅಘನಾಶಿನಿ)
ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕುವುದು ಈ ರೋಧ ಇಳಿಸಲಿಕ್ಕೇ ಅಲ್ಲವೇ? ಸಾಣಿಕಟ್ಟೆಯ ಉಪ್ಪು ಒಂದು ಚೀಲ ಸುರಿದುಬಿಡಿ.

ಚಿರೇಕಲ್ಲು (ಅಂಕೋಲಾ)
ಇದಕ್ಕೇ. ಸರಳಿನ ಸುತ್ತಲಿನ ಮಣ್ಣಿನ ರೋಧಶೀಲತೆ ಇಳಿದರೆ ಅರ್ತಿಂಗ್ ರೋಧ ಇಳಿಯುತ್ತದೆ. ಆದರೆ ಘಟ್ಟದ ಮೇಲಿನ ಮಳೆಗೆ ಉಪ್ಪು ಉಳಿಯುವುದಿಲ್ಲ, ತೊಳೆದು ಹೋಗುತ್ತದೆ. ಇದ್ದಷ್ಟು ದಿನ ಕಬ್ಬಿಣವನ್ನೂ ತಿನ್ನುತ್ತದೆ. ಇನ್ನೊಂದು ಸರಳು ಹೊಡೆಯುವುದು ಮೇಲು. ಹಾಗೆಂದು ಪಕ್ಕಪಕ್ಕದಲ್ಲಿ ಹೊಡೆದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ರೋಧ ಅರ್ಧವಾಗುವುದಿಲ್ಲ. ಸರಳು ಎಷ್ಟು ಉದ್ದವೋ ಕನಿಷ್ಠ ಅಷ್ಟು ದೂರ ಬಿಡಿ. ಜುಲೈಯಲ್ಲಿ ಅಳೆದು ಖುಷಿಪಡಬೇಡಿ, ನೆಲ ಒಣಗಿದ ಏಪ್ರಿಲ್‌ನಲ್ಲಿ ಅಳೆಯಿರಿ.

ದೋಸೆ_ಕಾವಲಿ (ಭಟ್ಕಳ)
ಏಪ್ರಿಲ್‌ನಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಅರ್ತಿಂಗ್ ಗುಂಡಿಯನ್ನು ಒದ್ದೆಯಾಗಿಡಲು ಎಲ್ಲಿಂದ ತರುವುದು?

ಮೋಟಾರು_ರಿಪೇರಿ (ಕುಮಟಾ)
ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಅಕ್ಕಾ? ಆ ಕಾಲುವೆಯ ಪಕ್ಕದಲ್ಲಿ ಗುಂಡಿ ತೆಗೆಸಿ, ಗೋಡೆಯಿಂದ ಒಂದೂವರೆ ಮೀಟರ್ ದೂರ ಇರಲಿ.